ರಾಹುಕಾಲದಲ್ಲಿ ಏರಿದ ಟಿಕೆಟ್ ದರ

ಎರಡು ಸಾವಿರದ ಇಸವಿ ದಾಟಿದ ಮೇಲಿನ ಮಾತು. ಕಮಲಾಪುರದ ನನ್ನ ಸೋದರತ್ತೆ ತನ್ನ ಮಗಳ ಬಾಣಂತನಕ್ಕೆಂದು ಹೈದರಾಬಾದಿನಿಂದ ದಿಲ್ಲಿಗೆ ವಿಮಾನದಲ್ಲಿ ಹೋಗಬೇಕಾಗಿತ್ತು. ಟಿಕೆಟ್ ಮಾಡಿಸಲು ಅತ್ತೆಯನ್ನು ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿದ್ದ ಟ್ರಾವೆಲ್ ಏಜೆಂಟರ ಅಂಗಡಿಗೆ ಕರೆದುಕೊಂಡು ಹೋದೆ. ಏಜೆಂಟರು ಕಂಪ್ಯೂಟರಿನಲ್ಲಿ ನೋಡಿ, "ರೇಟ್ ಭಾಳ ಕಮ್ಮಿ ಅದರಿ ಅಮ್ಮಾ, ಈಗೇ ಬುಕ್ ಮಾಡಿಸ್ರಿ" ಎಂದರು.

ಅತ್ತೆ ಗೋಡೆಯ ಗಡಿಯಾರ ನೋಡಿದಳು. "ಈಗ ರಾಹುಕಾಲ ಅದ. ಮುಗೀಲಿ."

"ಅಷ್ಟೊತ್ತಿಗೆ ರೇಟ್ ಏರ್ತದರಿ."

"ಅಂಗಡಿಯವರೆಲ್ಲಾ ಹಂಗೇ ಅಂತಾರ."

ನಾನು ಹಲ್ಲು ಕಚ್ಚಿಕೊಂಡು ಕೂತೆ. ಅತ್ತೆ ಊರಿನಿಂದ ತಂದಿದ್ದ ಕೆಂಪು ಬಾಳೆಹಣ್ಣನ್ನು ಏಜೆಂಟರಿಗೆ ಕೊಟ್ಟಳು. ಅವರು ನಮಗೆ ಚಹಾ ತರಿಸಿದರು. ರಾಹುಕಾಲ ಮುಗಿದದ್ದೇ ತಡ, ಅತ್ತೆ ಸೆರಗು ಸರಿಮಾಡಿಕೊಂಡು, "ಈಗ ಮಾಡ್ರಿ" ಎಂದಳು. ಏಜೆಂಟರು ಮತ್ತೊಮ್ಮೆ ನೋಡಿದರು. ದರ ಏರಿತ್ತು, ಅದೂ ಸ್ವಲ್ಪವಲ್ಲ.

ನನಗೆ ತಡೆಯಲಾಗಲಿಲ್ಲ. "ನೋಡಿದೇನು? ನಿನ್ನ ರಾಹುಕಾಲದಾಗ ರೇಟ್ ಏರ್ತು!" ಎಂದು ಅತ್ತೆಯ ಮೇಲೆ ರೇಗಿದೆ.

ಅತ್ತೆ ಲೋಟ ಕೆಳಗಿಟ್ಟು, ಸಮಾಧಾನವಾಗಿ ನನ್ನನ್ನು ನೋಡಿದಳು.

"ಮತ್ತ? ಆಗಿಂದ ನಾ ಏನ್ ಹೇಳಾಕತ್ತೀನಿ? ಅದು ಕೆಟ್ಟ ಹೊತ್ತು ಅಂತ."