ನಲವತ್ತು ಅಕ್ಷರದ ಆಚೆ

ಕಾಕಾ ಅವರ ಬಲಗೈ ತೋರುಬೆರಳಿನ ಉಗುರು ನಟ್ಟನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಸಣ್ಣವರಿದ್ದಾಗ ಚಕ್ಕಡಿ ಗಾಲಿಗೆ ಸಿಕ್ಕಿತ್ತಂತೆ. ಆ ಒಂದೇ ಬೆರಳಿನಿಂದ ಅವರು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದರು. ಬೆರಳು ಕೀಬೋರ್ಡಿನ ಮೇಲೆ ಒಂದು ಸುತ್ತು ಹೊಡೆದು, ಬೇಕಾದ ಅಕ್ಷರ ಕಂಡೊಡನೆ, "ಸಿಕ್ಕಿ ನೋಡ ಮಗನ" ಎಂದು ಕುಟ್ಟುತ್ತಿತ್ತು.

ಅವರು ನನಗೆ ಸ್ವಂತ ಕಾಕಾ ಅಲ್ಲ. ಅಣ್ಣಿಗೇರಿಯಲ್ಲಿ ನಮ್ಮ ಬಾಜು ಮನೆಯವರು, ಅಂಚೆ ಕಚೇರಿಯಲ್ಲಿ ಕಾರಕೂನರಾಗಿ ನಿವೃತ್ತರಾದವರು. ಅವರಿಗೆ ಇದ್ದದ್ದು ಒಂದೇ ಹುಚ್ಚು, ಸಂಬಂಧ ಕೂಡಿಸುವುದು. ಅದಕ್ಕೆ ಅವರು ಬಯಸುತ್ತಿದ್ದದ್ದು ಒಂದು ಕಪ್ ಚಹಾ, ಮದುವೆಯ ದಿನ ಮೊದಲ ಪಂಕ್ತಿಯಲ್ಲಿ ಊಟ. "ಎತ್ತು ಹೂಡೂದು ಸಸಾರ ತಂಗಿ, ಕೊರಳ ತಪ್ಪಿಸಿದ್ರ ಮತ್ತ ಹೂಡಬಹುದು. ಮಂದಿ ಹಂಗಲ್ಲ" ಎನ್ನುತ್ತಿದ್ದರು.

ಅವರ ರೀತಿಯೇ ಬೇರೆ. ಯಾವ ಮನೆಯಲ್ಲಿ ಏನು ಕೊರತೆ ಇದೆ ಎಂಬುದು ಅವರಿಗೆ ಗೊತ್ತಿರುತ್ತಿತ್ತು, ಆದರೆ ಯಾರಿಗೂ ಬರೆದು ಕೊಡುತ್ತಿರಲಿಲ್ಲ. ಎರಡೂ ಮನೆಯವರು ಒಪ್ಪಿದ ಮೇಲೆ ಹುಡುಗನೊಬ್ಬನನ್ನೇ ಹೊಲದ ಕಡೆ ಕರೆದುಕೊಂಡು ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದರು. ಹುಡುಗಿಯ ಹತ್ತಿರವೂ ಹಾಗೆಯೇ, ಹಿತ್ತಲಲ್ಲಿ ನಿಂತು. "ಕಾಗದದ ಮ್ಯಾಲೆ ಕಂಡ್ರ ಅದು ರೋಗ, ಬಾಯಿಲೆ ಕೇಳಿದ್ರ ಅದು ಕಷ್ಟ" ಎಂಬುದು ಅವರ ಮಾತು. ಕೇಳಿದವರು ಹೆಚ್ಚಾಗಿ ಒಪ್ಪಿಯೇ ಬರುತ್ತಿದ್ದರು.

ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು. ಹುಡುಗ ಹುಡುಗಿಯರ ವಿವರ ಬರೆದಿಟ್ಟ ಅವರ ಹರಕು ವಹಿಗಳನ್ನು ನೋಡಲಾರದೆ ಒಂದು ಸಣ್ಣ ವೆಬ್‌ಸೈಟ್ ಮಾಡಿಕೊಟ್ಟಿದ್ದೆ. ಎಲ್ಲ ವಿವರವೂ ಒಂದೇ ಫೈಲಿನಲ್ಲಿತ್ತು. ನೂರಿನ್ನೂರು ಹೆಸರಿರುವ ತನಕ ಅದು ಹೇಗೋ ನಡೆಯಿತು. ನವಲಗುಂದ, ಕುಂದಗೋಳದ ಕಡೆಯವರೂ ಸೇರಿಕೊಂಡ ಮೇಲೆ ತೊಂದರೆ ಶುರುವಾಯಿತು. ನಾಲ್ಕು ಮನೆಯವರು ಒಮ್ಮೆಗೇ ತೆರೆದರೆ ಪುಟ ನಿಂತೇಬಿಡುತ್ತಿತ್ತು. ಒಂದು ದಿನ ಇಬ್ಬರು ಒಂದೇ ಹೊತ್ತಿಗೆ ಹೊಸ ಹೆಸರು ಸೇರಿಸಲು ಹೋಗಿ ಹನ್ನೊಂದು ಹುಡುಗಿಯರ ವಿವರ ಅಳಿಸಿಹೋಯಿತು.

"ಹನ್ನೊಂದ ಕನ್ಯಾ ಒಂದ ದಿನದಾಗ ಓಡಿ ಹ್ವಾದುವಲ್ಲವಾ!" ಎಂದು ಕಾಕಾ ತಲೆಯ ಮೇಲೆ ಕೈ ಹೊತ್ತು ಕುಳಿತರು.

ಎಲ್ಲವನ್ನೂ ದೊಡ್ಡ ಸರ್ವರಿನ ಗಟ್ಟಿ ಡೇಟಾಬೇಸಿಗೆ ಸಾಗಿಸಬೇಕೆಂದು ನಾನು ಹೇಳಿದೆ. ಕಾಕಾಗೆ ಅದು ಮನೆ ಬದಲಿಸಿದ ಹಾಗೆ. ಪಂಚಾಂಗ ನೋಡಿ ಗುರುವಾರ ಬೆಳಗಿನ ಮುಹೂರ್ತ ಇಟ್ಟರು. ಅವರ ಹೆಂಡತಿ ಕಾಕು ಒಲೆಯ ಮೇಲೆ ಹಾಲು ಉಕ್ಕಿಸಿದರು, ನನ್ನ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿದರು. ರಾಹುಕಾಲ ಬರುವುದರೊಳಗೆ ಮುಗಿಸು ಎಂದು ಕಾಕಾ ಬೆನ್ನ ಹಿಂದೆಯೇ ನಿಂತಿದ್ದರು. ನಾನು ನಗುತ್ತ, ಗಡಿಬಿಡಿಯಲ್ಲಿ, ಹನ್ನೆರಡರೊಳಗೆ ಮುಗಿಸಿದೆ. ಎಣಿಕೆ ಸರಿಯಾಗಿತ್ತು, ಒಂದು ಹೆಸರೂ ಕಳೆದಿರಲಿಲ್ಲ. ಒಂದೊಂದನ್ನೇ ತೆರೆದು ಓದಿ ನೋಡಲಿಲ್ಲ.

ಹಳೆಯ ಪುಟದಲ್ಲಿ 'ಇತರೆ ವಿವರ' ಎಂಬ ಕಾಲಮ್ಮಿನ ಮೊದಲ ನಲವತ್ತು ಅಕ್ಷರ ಮಾತ್ರ ಕಾಣುತ್ತಿತ್ತು. ಜಾಗ ಉಳಿಯಲೆಂದು ನಾನೇ ಹಾಗೆ ಮಾಡಿದ್ದೆ. ಹೊಸ ಮನೆಯಲ್ಲಿ ಜಾಗಕ್ಕೇನು ಕೊರತೆ? ಆ ಮಿತಿಯನ್ನು ತೆಗೆದುಹಾಕಿದೆ. ಈಗ ಯಾರ ಮಾತೂ ಅರ್ಧಕ್ಕೆ ತುಂಡಾಗುವುದಿಲ್ಲ ಎಂದು ಜಂಬ ಬೇರೆ ಕೊಚ್ಚಿಕೊಂಡೆ.

ಆ ಕಾಲಮ್ಮಿನಲ್ಲಿ ಪ್ರತಿಯೊಬ್ಬ ಹುಡುಗಿಗೂ ಒಂದೇ ವಾಕ್ಯವಿರುತ್ತಿತ್ತು: 'ಹುಡುಗಿ ಸುಶೀಲೆ, ಮನೆಗೆಲಸ ಬಲ್ಲವಳು, ಹಿರಿಯರಲ್ಲಿ ಗೌರವ ಉಳ್ಳವಳು.' "ತಾಲೂಕಿನ್ಯಾಗ ಒಬ್ಬಾಕಿನೂ ಬಾಯಿ ಮಾಡಾಕಿ ಇಲ್ಲೇನ್ರಿ ಕಾಕಾ?" ಎಂದು ನಾನು ಕಾಡಿಸಿದ್ದುಂಟು. ಅವರು ಬರೇ ನಕ್ಕಿದ್ದರು. ನಲವತ್ತು ಅಕ್ಷರದ ಆಚೆ ಬರೆದದ್ದು ಊರಿಗೆ ಕಾಣುವುದಿಲ್ಲ, ತಾವು ತಿದ್ದುವ ಪುಟದಲ್ಲಿ ಮಾತ್ರ ಕಾಣುತ್ತದೆ ಎಂಬುದನ್ನು ಅವರು ಎಂದೋ ಕಂಡುಕೊಂಡಿದ್ದರು. ಅದನ್ನು ನಾನು ಹಾಕಿಕೊಟ್ಟ ಪರದೆ ಎಂದೇ ತಿಳಿದಿದ್ದರು. ಆ ಸುಶೀಲೆಯ ವಾಕ್ಯವನ್ನು ಮುಂದೆ ನಿಲ್ಲಿಸಿ, ಅದರ ಹಿಂದೆ ಹುಡುಗರ ಕಿವಿಯಲ್ಲಿ ಹೇಳಬೇಕಾದ ಮಾತುಗಳನ್ನು ಮರೆಯಬಾರದೆಂದು ಬರೆದಿಟ್ಟಿದ್ದರು.

ಮೂರನೆಯ ದಿನ ಫೋನು ಬಂತು. ನಮ್ಮೂರಿನದೇ ಒಬ್ಬ ಹುಡುಗಿಗೆ ಯರಗುಪ್ಪಿಯಲ್ಲಿ ಸಂಬಂಧ ಗೊತ್ತಾಗಿತ್ತು. ಹುಡುಗನ ಸೋದರಮಾವ ಯಾರಿಗೋ ತೋರಿಸಲೆಂದು ಅವಳ ಪುಟ ತೆರೆದಿದ್ದಾನೆ. ಆ ಸುಶೀಲೆಯ ವಾಕ್ಯ ಮುಗಿದಲ್ಲೇ ಇತ್ತು: 'ಹತ್ತು ವರ್ಷದಾಕಿ ಇದ್ದಾಗ ಎರಡ ಸಲ ಮೂರ್ಛೆ ಬಂದಿತ್ತು. ಈಗಿಲ್ಲ. ಹುಡುಗಗ ನಾನ ಹೇಳತೇನಿ.' ಹುಡುಗನಿಗೆ ಕಾಕಾ ತಿಂಗಳ ಹಿಂದೆಯೇ ಹೇಳಿದ್ದರು, ಅವನು ಒಪ್ಪಿಯೂ ಇದ್ದ. ಆದರೆ ಸೋದರಮಾವ ಅದರ ಫೋಟೋ ತೆಗೆದು ಬಂಧುಗಳ ಗುಂಪಿಗೆಲ್ಲ ಕಳಿಸಿಬಿಟ್ಟಿದ್ದ.

ನಾನು ಗಂಟೆಯೊಳಗೆ ಅಂಥ ಮಾತುಗಳನ್ನೆಲ್ಲ ಪುಟದಿಂದ ಅಳಿಸಿದೆ. ಕಾಕಾ ಕಂಪ್ಯೂಟರಿನ ಪರದೆಯನ್ನೇ ನೋಡುತ್ತಿದ್ದರು.

"ಮಂದಿ ಫೋನಿನ್ಯಾಗ ಹೋಗೇತಲ್ಲ, ಅದನ್ನ ಹ್ಯಾಂಗ ಅಳಸ್ತಿ ತಂಗಿ?"

"ಆಗಂಗಿಲ್ರಿ ಕಾಕಾ."

"ಏನೂ ಆಗಂಗಿಲ್ಲೇನು?"

ಅಷ್ಟು ಓದಿದವಳು ಲ್ಯಾಪ್‌ಟಾಪು ಮುಚ್ಚಿಟ್ಟೆ.

ಅಂದೇ ಸಂಜೆ ಹುಡುಗಿಯ ತಂದೆ ಬಂದರು. ಕಟ್ಟೆಯ ಮೇಲೆ ಕುಳಿತುಕೊಳ್ಳಲೂ ಒಲ್ಲೆನೆಂದರು. "ನಿಮ್ಮನ್ನ ನಂಬಿ ಹೇಳಿದ್ವಿ ಕಾಕಾರ. ಊರಿಗೆಲ್ಲಾ ಡಂಗುರಾ ಹೊಡದ್ರಲ್ರಿ" ಎಂದರು.

"ತಪ್ಪಾತು. ಬರದಾಂವನೂ ನಾನ, ಮಂದಿಗೆ ಕಾಣೂಹಂಗ ಮಾಡಿದಾಂವನೂ ನಾನ" ಎಂದರು ಕಾಕಾ.

ನಾನು ಬಾಯಿ ತೆರೆದೆ. ಅವರು ನನ್ನ ಕಡೆ ಕಣ್ಣು ಬಿಟ್ಟು, "ತಂಗಿ, ಒಳಗ ಹೋಗಿ ನೀರ ತೊಗೊಂಡ ಬಾ" ಎಂದರು. ನಾನು ನೀರು ತರುವಷ್ಟರಲ್ಲಿ ಆ ಮನುಷ್ಯ ಹೋಗಿಬಿಟ್ಟಿದ್ದರು.

"ಯಾಕ್ರಿ ಕಾಕಾ ಹಂಗಂದ್ರಿ?" ಎಂದೆ.

"ಮುಂದಿನ ವಾರ ನಿನ್ನ ನೋಡಾಕ ಬರ್ತಾರ. ಒಂದ ಹುಡುಗಿ ಸಂಬಂಧ ಹ್ವಾತು. ಇನ್ನೊಂದೂ ಹೋಗಬೇಕೇನು? ನಾ ಮುದಕ, ನನಗೇನ ಕನ್ಯಾ ನೋಡೂದೈತಿ? ಸುಮ್ಮನಿರು."

ಸುಮ್ಮನಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆ ಹೊತ್ತು ನನಗೆ ಸಮಾಧಾನವೇ ಆಗಿತ್ತು.

ಕಾಕಾ ಮೂರು ಸಲ ಬಸ್ಸು ಹತ್ತಿ ಯರಗುಪ್ಪಿಗೆ ಹೋದರು. ಹುಡುಗ ತಯಾರಿದ್ದ, ಆದರೆ ನಾಲ್ಕು ಮಂದಿಯ ಬಾಯಿಗೆ ಬಿದ್ದ ಹುಡುಗಿಯನ್ನು ತರುವುದಿಲ್ಲ ಎಂದು ಹಿರಿಯರು ಪಟ್ಟು ಹಿಡಿದರು. ಮೂರನೆಯ ಸಲ ಅವರನ್ನು ಒಳಗೆ ಕರೆಯಲಿಲ್ಲವಂತೆ. ಮದುವೆಯಾಗದಿದ್ದರೆ ಹೆಣ್ಣಿನ ಬದುಕೇ ಹಾಳು ಎಂದು ನಾನು ನಂಬುವವಳಲ್ಲ. ಆದರೆ ಆ ಹುಡುಗನನ್ನು ಅವಳು ಮನಸಾರೆ ಮೆಚ್ಚಿದ್ದಳು.

ಆಮೇಲೆ ಕಾಕಾ ಅವರ ಹತ್ತಿರ ಯಾರೂ ಮಕ್ಕಳ ವಿವರ ತರಲಿಲ್ಲ. ಎಷ್ಟು ಜನ ಒಮ್ಮೆಗೇ ಬಂದರೂ ನಿಲ್ಲದ ಹಾಗೆ ಕಟ್ಟಿದ್ದ ಪುಟಕ್ಕೆ ಯಾರೂ ಬರಲಿಲ್ಲ. ಅವರು ಕೂಡಿಸಿದ ಕೊನೆಯ ಸಂಬಂಧ ನನ್ನದೇ. ಮದುವೆಯ ದಿನ ಮೊದಲ ಪಂಕ್ತಿಗೆ ಎಷ್ಟು ಕರೆದರೂ ಬರದೆ, ಕೊನೆಗೆ ಬಡಿಸುವವರ ಜೊತೆ ಕುಳಿತು ಉಂಡರು.

ಹೋದ ವರ್ಷ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕುಳಿತವರು ಮತ್ತೆ ಏಳಲಿಲ್ಲ. ಅವರು ಜೋಡಿಸಿದ ಎಷ್ಟೋ ಗಂಡ ಹೆಂಡತಿ ಮಣ್ಣಿಗೆ ಬಂದಿದ್ದರು. ಆ ಹುಡುಗಿಯ ಮನೆಯಿಂದ ಯಾರೂ ಬರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಅಣ್ಣಿಗೇರಿ ಸ್ಟೇಷನ್ನಿನಲ್ಲಿ ಅವಳು ಸಿಕ್ಕಳು. ಹುಬ್ಬಳ್ಳಿಯಲ್ಲಿ ಕೆಲಸ, ದಿನಾ ರೈಲಿನಲ್ಲಿ ಹೋಗಿಬರುತ್ತಾಳೆ. ತಾನಾಗಿಯೇ ಮಾತು ತೆಗೆದಳು. "ಸತ್ತವರ ಮ್ಯಾಲೆ ಸಿಟ್ಟ ಇಟಗೋಬಾರದಂತಾರ. ನನಗಂತೂ ಹೋಗವಲ್ದು ನೋಡ್ರಿ ಅಕ್ಕಾರ."

ಎದೆ ಗಟ್ಟಿ ಮಾಡಿಕೊಂಡು ಹೇಳಿಬಿಟ್ಟೆ. ಆ ಪುಟ ತೆರೆದಿಟ್ಟವಳು ನಾನು, ಕಾಕಾ ಅಲ್ಲ. ನನ್ನ ಸಲುವಾಗಿ ಅವರು ತಪ್ಪು ಹೊತ್ತರು ಎಂದು.

ಅವಳು ಸಿಟ್ಟಾಗಲಿಲ್ಲ. ಹಳಿಗಳ ಕಡೆ ನೋಡುತ್ತ ಏನೋ ಲೆಕ್ಕ ಹಾಕುವವಳಂತೆ ನಿಂತಳು. ಆಮೇಲೆ ಕೇಳಿದಳು.

"ನಿಮ್ಮ ಮದಿವಿ ಅದ ವರ್ಷ ಆತಲ್ರಿ?"

"ಹೌದು" ಎಂದೆ.

ರೈಲು ಬಂತು. ಅವಳು ಮುಂದಿನ ಡಬ್ಬಿ ಹತ್ತಿದಳು.