ಪೆರ್ಲಿತಾ ಇಳಿಸಲಾಗದ ಭಾರ

ಗಿಂಬಾಲ್ ಊರಿನ ಪೆರ್ಲಿತಾ ಗೆಲ್ಲಾದಾ ಇಲೋಯಿಲೋ ನಗರದ ಒಂದು ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ, ಸೋತ ಹೃದಯದ ಬದಲಿಗೆ ಮೈಗೆ ರಕ್ತ ಹರಿಸುವ ಪಂಪು ನಡೆಸಿದವಳು. ರೋಗಿಯ ಮನೆಯವರ ಹತ್ತಿರ ಮಾತಾಡುವುದು ಡಾಕ್ಟರ ಕೆಲಸ, ತನ್ನದೇನಿದ್ದರೂ ಮಷೀನು, ಟ್ಯೂಬು ಎಂದು ದೂರವೇ ಇರುತ್ತಿದ್ದಳು. ಅದು ತಪ್ಪಿದ್ದು ರಮೀಲನ ಹೆಂಡತಿ ಮೆರ್ಲಿಂದಾಳ ಮುಂದೆ.

ರಮೀಲ ಬಾಡಿಗೆಗೆ ಜನ ಸಾಗಿಸುವ ಜೀಪ್ನಿ ಗಾಡಿ ಓಡಿಸುವವನು, ನಲವತ್ತಾರರ ಪ್ರಾಯ. ಎದೆನೋವನ್ನು ಗ್ಯಾಸ್ ಅಂದುಕೊಂಡು ಒಂದೂವರೆ ದಿನ ಶುಂಠಿ ಕಷಾಯ ಕುಡಿದು ಕೂತಿದ್ದ. ಆಸ್ಪತ್ರೆಗೆ ತರುವಷ್ಟರಲ್ಲಿ ಕೈಕಾಲು ತಣ್ಣಗಾಗಿ, ಬಿಪಿಯೇ ಸಿಗುತ್ತಿರಲಿಲ್ಲ. ಮುಚ್ಚಿದ್ದ ರಕ್ತನಾಳ ಬಿಡಿಸಿದರೂ ಹೃದಯ ಚೇತರಿಸಲಿಲ್ಲ. ತೊಡೆಯಲ್ಲಿ ಎರಡು ದಪ್ಪ ಟ್ಯೂಬು ಹಾಕಿ ಪೆರ್ಲಿತಾಳ ಪಂಪಿಗೆ ಜೋಡಿಸಿದರು. ಗಂಟೆಯೊಳಗೆ ಮುಖಕ್ಕೆ ಕಳೆ ಬಂತು.

"ಬದುಕ್ಕೊಂಡ್ರು ಅಲ್ವಾ, ಮನಾಂಗ್?" ಎಂದಳು ಮೆರ್ಲಿಂದಾ, ಅಕ್ಕನನ್ನು ಕರೆಯುವ ಹಾಗೆ.

"ಬಿಪಿ ಚೆನ್ನಾಗಿದೆ, ಇಂದಾಯ್," ಅಂದುಬಿಟ್ಟಳು ಪೆರ್ಲಿತಾ, ತಂಗಿಗೆ ಹೇಳುವ ಹಾಗೆ.

ಮರುದಿನ ಬೆಳಗ್ಗೆ ಪರದೆಯಲ್ಲಿ ಹೃದಯ ಬಡಿದಂತೆಲ್ಲ ಏರಿಳಿಯಬೇಕಿದ್ದ ಬಿಪಿಯ ಗೆರೆ ಚಪ್ಪಟೆಯಾಗಿತ್ತು. ಪಂಪು ತೊಡೆಯಿಂದ ಮೇಲಕ್ಕೆ ತಳ್ಳುವ ರಕ್ತ ಹೃದಯಕ್ಕೆ ಎದುರಾಗಿಯೇ ಬರುತ್ತದೆ. ಆ ಒತ್ತಡ ಮೀರಿ ಎಡ ಹೃತ್ಕುಕ್ಷಿ ತನ್ನ ರಕ್ತ ಹೊರಹಾಕಬೇಕು. ರಮೀಲನ ಹೃದಯಕ್ಕೆ ಆ ಕಸುವಿರಲಿಲ್ಲ. ಕವಾಟ ತೆರೆಯದೆ, ಒಳಗೇ ತುಂಬಿದ ರಕ್ತ ಹೃತ್ಕುಕ್ಷಿಯನ್ನು ಉಬ್ಬಿಸಿ, ಹಿಂದಕ್ಕೆ ಶ್ವಾಸಕೋಶದ ಕಡೆ ನುಗ್ಗುತ್ತಿತ್ತು. ಉಸಿರಾಟಕ್ಕೆಂದು ಬಾಯಿಗೆ ಹಾಕಿದ್ದ ಕೊಳವೆಯಲ್ಲಿ ನಸುಗೆಂಪು ನೊರೆ ಕಾಣಿಸಿತು.

"ಹೃದಯದ ಒಳಗಿಂದಲೇ ರಕ್ತ ಎಳೆಯೋ ಸಣ್ಣ ಪಂಪು ಹಾಕಿದ್ರೆ ಭಾರ ಇಳಿಯುತ್ತೆ," ಎಂದರು ಡಾಕ್ಟರ್ ಪಲ್ಮಾರೆಸ್. "ನಮ್ಮಲ್ಲಿದ್ದಿದ್ದು ಹೋದ ವಾರ ಬಳಸಿಯಾಯ್ತು. ಮನಿಲಾದಿಂದ ಬರಬೇಕು. ಅಲ್ಲೀವರೆಗೆ ನಿಮ್ಮ ಪಂಪು ಸ್ವಲ್ಪ ಕಡಿಮೆ ಮಾಡಿ."

ಕಡಿಮೆ ಮಾಡಿದರೆ ಮೈಗೆ ರಕ್ತ ಸಾಲದೆ ಮೂತ್ರ ನಿಲ್ಲುತ್ತಿತ್ತು. ಹೆಚ್ಚಿಸಿದರೆ ನೊರೆ ಉಕ್ಕುತ್ತಿತ್ತು. ಬಿರುಗಾಳಿಗೆ ವಿಮಾನಗಳು ನಿಂತಿದ್ದವು. ಎರಡು ದಿನ ಪೆರ್ಲಿತಾ ಗುಂಡಿ ತಿರುಗಿಸುತ್ತಾ ಕೂತಳು.

ಮೆರ್ಲಿಂದಾ ಅವಳ ಕೈಯನ್ನೇ ನೋಡುತ್ತಿದ್ದಳು. "ನಿಜ ಹೇಳಿ ಮನಾಂಗ್. ಈ ಮಷೀನು ಅವರ ಹೃದಯಕ್ಕೆ ಆಸರೆನಾ, ಹೊರೆನಾ?"

"ಮೈಗೆ ಆಸರೆ," ಎಂದಳು ಪೆರ್ಲಿತಾ. "ಹೃದಯಕ್ಕೆ ಹೊರೆ."

"ಮತ್ತೆ ಮೊನ್ನೆ ಚೆನ್ನಾಗಿದೆ ಅಂದ್ರಲ್ಲ."

"ಅಂದೆ. ಅನ್ನಬಾರದಿತ್ತು."

ಮೆರ್ಲಿಂದಾ ಬೈಯಲಿಲ್ಲ. ಗಂಡನ ಪಾದ ಉಜ್ಜುತ್ತಾ ನಿಂತಳು.

ಮೂರನೆಯ ದಿನ ಮಧ್ಯಾಹ್ನ ಸಣ್ಣ ಪಂಪು ಬಂತು. ಹಾಕಿದರು. ಉಬ್ಬಿದ್ದ ಹೃತ್ಕುಕ್ಷಿ ಕುಗ್ಗಿತು, ನೊರೆ ನಿಂತಿತು. ಸಂಜೆ ಕಣ್ಣಿಗೆ ಟಾರ್ಚು ಬಿಟ್ಟಾಗ ಪಾಪೆ ಕದಲಲಿಲ್ಲ. ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ಕೊಡುತ್ತಿದ್ದ ಔಷಧಿಯಿಂದ ಮಿದುಳಿನಲ್ಲಿ ರಕ್ತಸ್ರಾವವಾಗಿತ್ತು. ಇನ್ನು ಬದುಕುವ ಭರವಸೆ ಉಳಿದಿರಲಿಲ್ಲ.

ಮರುದಿನ ಪಾದ್ರಿ ಬಂದು ಹೋದ ಮೇಲೆ ಪೆರ್ಲಿತಾಳೇ ಎರಡೂ ಪಂಪು ನಿಲ್ಲಿಸಬೇಕಾಯಿತು.

"ಆ ಎರಡು ದಿನ ಅವರಿಗೆ ನೋವಾಗಿರುತ್ತಾ?" ಎಂದು ಕೇಳಿದಳು ಮೆರ್ಲಿಂದಾ.

ಪೆರ್ಲಿತಾಳಿಗೆ ಗೊತ್ತಿರಲಿಲ್ಲ. "ಇಲ್ಲ," ಎಂದಳು.

ಮೆರ್ಲಿಂದಾ ಅದನ್ನು ನಂಬಿ ತಲೆಯಾಡಿಸಿದಳು. ಅವಳು ಹಾಗೆ ನಂಬಿದ್ದನ್ನು ಪೆರ್ಲಿತಾಳಿಗೆ ತಡೆದುಕೊಳ್ಳಲಾಗಲಿಲ್ಲ. ಟ್ಯೂಬು ಕಳಚಲು ಬೇರೆಯವರನ್ನು ಕರೆದಳು.