ಡೋರ್ಕಸಳ ಹತ್ತನೇ ಪಾಲು

ಪಿಂಗಾಣಿಗೆ ಹೆಸರಾದ ಬರ್ಸ್ಲೆಮ್ಮಿನ ನಮ್ಮ ಬೀದಿಯಲ್ಲಿ ಡೋರ್ಕಸ್ ಟನಿಕ್ಲಿಫ್‌ಳಷ್ಟು ಹಟಮಾರಿ ಹೆಂಗಸು ಇನ್ನೊಬ್ಬಳಿರಲಿಲ್ಲ. ಪಕ್ಕದ ಮನೆಯವಳು ನಾನು, ಆ ಹಟವನ್ನು ದಿನಾ ಕಂಡವಳು, ನನಗೆ ಅದು ಇಷ್ಟ. ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲುಗಳ ಅಂಚಿಗೆ ಚಿನ್ನದ ಗೆರೆ ಎಳೆಯುತ್ತಲೇ ಅವಳ ಕೂದಲು ಬೆಳ್ಳಗಾಯಿತು. ಮದುವೆಯಾಗಲಿಲ್ಲ. ಉಳಿಸಿದ್ದೆಲ್ಲ ಸಂತೆಯ ಹಳೇ ಸಾಮಾನಿನವರ ಪಾಲಾಯಿತು. ಅಲ್ಲಿಂದ ಮನೆ ಸೇರಿದವರು ಬೈಬಲ್ಲಿನ ಮಂದಿ: ಕಾಗೆಗಳು ತಂದ ರೊಟ್ಟಿ ತಿನ್ನುವ ಎಲೀಯ, ಮಂಡಿಯೂರಿದ ಬಾಲಕ ಸಮುವೇಲ, ಕತ್ತಿ ಎತ್ತಿದ ಅಬ್ರಹಾಮ. ಎಲ್ಲ ನಮ್ಮ ಮುತ್ತಜ್ಜಂದಿರು ಸುಟ್ಟು ಬಣ್ಣ ಬಳಿದ ಮಣ್ಣಿನ ಗೊಂಬೆಗಳು.

"ಮೂರ್ತಿಪೂಜೆ ಶುರು ಮಾಡಿದ್ಯೇನೇ?" ಎಂದು ಜನ ಕುಟುಕುತ್ತಿದ್ದರು.

"ಪೂಜೆ ಎಲ್ಲಿ ಬಂತು ಡಕ್, ಧೂಳು ಒರೆಸ್ತೀನಿ ಅಷ್ಟೇ. ನಿಮ್ಮ ಬೈಬಲ್ಲಿಗೆ ಅಷ್ಟೂ ಭಾಗ್ಯ ಇಲ್ಲ," ಎನ್ನುತ್ತಿದ್ದಳು. ಡಕ್ ಅಂದರೆ ಬಾತುಕೋಳಿ, ನಮ್ಮೂರಲ್ಲಿ ಅದು ಅಕ್ಕರೆಯ ಕರೆ; ಹಾಲಿನವನೂ ಡಕ್ಕೇ, ಮೇಯರೂ ಡಕ್ಕೇ.

ಇವರೆಲ್ಲರಿಗಿಂತ ಮೊದಲಿನದು ಅವಳ ಅವ್ವನಿಂದ ಬಂದ ಗೊಂಬೆ. ಹಿಂದೆ ರೈತ ಬೆಳೆದದ್ದರಲ್ಲಿ ಹತ್ತನೇ ಪಾಲು ಪಾದ್ರಿಗೆ ಸಲ್ಲಬೇಕಿತ್ತಲ್ಲ, ಅದರ ಕತೆ ಅದು. ಪಾದ್ರಿ ಹತ್ತನೇ ಹಂದಿಮರಿಗೆ ಕೈ ಚಾಚಿದ್ದಾನೆ. ರೈತನ ಹೆಂಡತಿ ತನ್ನ ಹತ್ತನೇ ಕೂಸನ್ನು ಅವನ ಮುಖಕ್ಕೆ ಹಿಡಿದಿದ್ದಾಳೆ, ಮೊದಲು ಇದನ್ನು ಸಾಕು, ಆಮೇಲೆ ಹಂದಿ ಒಯ್ಯಿ ಅಂತ. ಡೋರ್ಕಸಳೂ ಹತ್ತನೆಯವಳು. "ನಿನ್ನನ್ನೂ ಕೊಡೋಣ ಅಂದ್ಕೊಂಡೆ, ಪಾದ್ರಿ ಓಡಿಹೋದ," ಎಂದು ಅವ್ವ ನಗಿಸುತ್ತಿದ್ದಳಂತೆ. ಅಕ್ಕಂದಿರು 'ಪಾದ್ರಿಗೂ ಬೇಡದವಳು' ಎಂದೇ ಕರೆದರು. ಆ ಮಾತು ಅವಳನ್ನು ಬಹಳ ನೋಯಿಸಿತ್ತು. ಆದರೆ ಒಲೆ ಹಚ್ಚಲು ಕಲ್ಲಿದ್ದಲೂ ಇಲ್ಲದ ಚಳಿಗಾಲದಲ್ಲಿ, ಮಕ್ಕಳಿಲ್ಲದ ಅಂಗಡಿಯವರು ಇವಳನ್ನು ಸಾಕಿಕೊಳ್ಳುತ್ತೇವೆಂದು ಬಂದಾಗ ಅವ್ವ ಪೊರಕೆ ಹಿಡಿದು ಬಾಗಿಲಲ್ಲಿ ನಿಂತಳು. ಅಂದಿನಿಂದ ಡೋರ್ಕಸಳಿಗೆ ಆ ಮಣ್ಣಿನ ಹೆಂಗಸೇ ಅವ್ವ.

ಚರ್ಚಿನ ಸೂರು ಸೋರತೊಡಗಿದ ವರ್ಷ ಹೊಸ ಪಾದ್ರಿ ಪೆಲ್ಹಮ್, ಲಂಡನ್ ಕಡೆಯವರು, ರಿಪೇರಿಗೆ ಹಣ ಕೂಡಿಸಲು ಅವಳ ಗೊಂಬೆಗಳ ಪ್ರದರ್ಶನ ಇಡೋಣ, ಬಿಷಪ್ಪರೇ ಬರುತ್ತಾರೆ ಎಂದರು. ಅವಳ ಸಂಗ್ರಹದ ಬಗ್ಗೆ ಅದುವರೆಗೆ ಯಾರೂ ಆದರದಿಂದ ಕೇಳಿರಲಿಲ್ಲ. ಅವಳ ಮುಖ ಹಾಗೆ ಅರಳಿದ್ದನ್ನು ನಾನು ಕಂಡದ್ದು ಅದೇ ಮೊದಲು. ಇಬ್ಬರೂ ಸೇರಿ ಗೊಂಬೆಗಳಿಗೆ ಟವೆಲ್ ಸುತ್ತಿ, ಕೂಸಿನ ಗಾಡಿಯಲ್ಲಿ ಮಲಗಿಸಿ ಚರ್ಚಿನ ಸಭಾಂಗಣಕ್ಕೆ ತಳ್ಳಿಕೊಂಡು ಹೋದೆವು.

ಹಂದಿಯ ಗೊಂಬೆ ಕಂಡದ್ದೇ ಪೆಲ್ಹಮ್ ಮುಖ ಸಿಂಡರಿಸಿದರು. "ಇದೊಂದು ಬೇಡ, ಮಿಸ್ ಟನಿಕ್ಲಿಫ್. ಬಿಷಪ್ಪರ ಎದುರು ನಮ್ಮನ್ನೇ ಹಂಗಿಸಿದ ಹಾಗಾಗುತ್ತೆ."

"ಇವಳಿಲ್ಲದೆ ಉಳಿದವರೂ ಇಲ್ಲ."

"ಒಂದೇ ಒಂದು ಬಿಟ್ಟುಕೊಡಿ ಅಂತಿದೀನಿ, ಅಷ್ಟೇ."

"ಆ ಪಾದ್ರಿ ಕೇಳಿದ್ದೂ ಒಂದೇ ಒಂದು!" ಎಂದು ಡೋರ್ಕಸ್ ಟವೆಲ್ ಕೈಗೆತ್ತಿಕೊಂಡಳು.

ಗೊಂಬೆಗಳನ್ನೆಲ್ಲ ಮತ್ತೆ ಸುತ್ತಿಕೊಂಡು ಮನೆಗೆ ಮರಳುವ ದಾರಿಯುದ್ದಕ್ಕೂ ಅತ್ತಳು. ಅಂದು ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಬಿಷಪ್ಪರು ಬರುವ ದಿನ ನೋಡುತ್ತೇನೆ, ಗೊಂಬೆಗಳೆಲ್ಲ ಅವಳ ಮುಂಗೋಣೆಯ ಕಿಟಕಿಯಲ್ಲಿ ಬೀದಿಗೆ ಮುಖ ಮಾಡಿ ನಿಂತಿವೆ, ಅವ್ವ ನಟ್ಟನಡುವೆ. ಇಂಥವನ್ನು ಬೆಂಕಿಗೂಡಿನ ಮೇಲೆ ಗೋಡೆಗೊತ್ತಿ ಇಡುವುದು ನಮ್ಮ ವಾಡಿಕೆ. ಹಾಗಾಗಿ ಬೆನ್ನಿಗೆ ಯಾರೂ ಬಣ್ಣ ಬಳಿಯುತ್ತಿರಲಿಲ್ಲ.

"ಅಲ್ಲ ಕಣೇ, ನಿನಗೆ ಬರೀ ಬೋಳು ಬೆನ್ನು ಕಾಣುತ್ತಲ್ಲೇ?" ಎಂದೆ.

"ನಾನು ನೋಡಿದ್ದು ಸಾಕು. ಊರು ನೋಡ್ಲಿ."

ಊರು ನೋಡಿತು. ಚೀಸ್ ಹಾಕಿದ ಓಟ್ ದೋಸೆ ಕೈಯಲ್ಲಿ ಹಿಡಿದೇ ಜನ ಗಾಜಿಗೆ ಮೂಗು ಒತ್ತಿ ನಿಂತರು, ಹಂದಿಯ ಕತೆ ಒಬ್ಬರಿಗೊಬ್ಬರು ಹೇಳಿ ನಕ್ಕರು. ಬಿಷಪ್ಪರಿಗಾಗಿ ಸಜ್ಜಾಗಿದ್ದ ಚರ್ಚಿನ ಸಭಾಂಗಣದ ಕಡೆ ಯಾರೂ ತಲೆ ಹಾಕಲಿಲ್ಲ. ಕೊನೆಗೆ ಪೆಲ್ಹಮ್ ಬೆವರೊರೆಸುತ್ತಾ ಜನರ ನಡುವೆ ತೂರಿ ಬಂದರು.

"ಬಿಷಪ್ಪರು ಇದೇ ದಾರೀಲಿ ಬರ್ತಾರೆ. ದಯವಿಟ್ಟು ಆ ಹಂದಿನಾದ್ರೂ ಒಳಗಿಡಿ."

ಡೋರ್ಕಸ್ ಕಿಟಕಿಯ ಗಾಜನ್ನು ಮೇಲೆತ್ತಿ ಅರ್ಧ ಮೈ ಹೊರಗೆ ಹಾಕಿದಳು.

"ಹತ್ತನೇ ಮಗು ನಾನೇ, ಪಾದ್ರಿಗಳೇ. ಎಪ್ಪತ್ತಾಯ್ತು, ಹಲ್ಲಿಲ್ಲ. ಮೊದಲು ನನ್ನನ್ನ ಸಾಕಿ, ಆಮೇಲೆ ಹಂದಿ ಮುಟ್ಟಿ!"